ಕಣ್ಣಾರೆ ಕಂಡ ಮೊಟ್ಟೆ

ಇವತ್ತು ಬೆಳಿಗ್ಗೆ ಬೇಯಿಸಿದ ಮೊಟ್ಟೆಯ ಹಳದಿ ನನ್ನ ಗಂಟಲಲ್ಲಿ ಕೂತುಬಿಟ್ಟಿತು. ಹಿಂದೂಪುರದ ಮಗಳ ಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅವಸರದಲ್ಲಿ ನುಂಗಿದ್ದೆ. ಮಗಳು ಕೊಟ್ಟ ನೀರು ಕುಡಿದ ಮೇಲೆ ನಗು ಬಂತು. ಯಾಕೆಂದು ಹೇಳುತ್ತೇನೆ, ಕೇಳಿ.

ಆಂಧ್ರದ ಗಡಿಯೊಳಗೆ, ಕುಂದುರ್ಪಿ ಕಡೆಯ ನಮ್ಮ ಹಳ್ಳಿಯಲ್ಲಿ ಅಂಗನವಾಡಿ ಇರುವುದು ನನ್ನ ಜಗಲಿಯ ಎದುರಿಗೇ. ಅಲ್ಲಿ ಮಕ್ಕಳಿಗೆ ಬೇಯಿಸಿ ಹಾಕುವ ಆಯಾ ರತ್ನಮ್ಮ. ಮಕ್ಕಳ ಮೊಟ್ಟೆಗಳನ್ನು ಅವಳು ತನ್ನ ಮನೆಗೆ ಸಾಗಿಸುತ್ತಾಳೆಂದು ಊರಿನ ಓಬಳೇಶ ಅರ್ಜಿ ಹಾಕಿದ. ನಿಜವಾದರೆ ಕೆಲಸ ಹೋಗುತ್ತದೆ.

ವಿಚಾರಣೆ ಕಲ್ಯಾಣದುರ್ಗದ ಆಫೀಸಿನಲ್ಲಿ. ರತ್ನಮ್ಮನ ಕಡೆಯ ಸಾಕ್ಷಿಗೆಂದು ಮೂವರು ಹೆಂಗಸರು ಬಸ್ಸು ಹತ್ತಿದೆವು. ನಾವು ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹೇಳಬೇಕು. ಸಾಕ್ಷಿಯೂ ಹಾಗೇ ಅಂದುಕೊಂಡೆವು. ರತ್ನಮ್ಮ ಬಂಗಾರದಂಥವಳು, ಮೊಟ್ಟೆ ಮುಟ್ಟಿದವಳೇ ಅಲ್ಲ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆವು. ಅಡುಗೆಯವಳು ಮೊಟ್ಟೆ ಮುಟ್ಟದೆ ಬೇಯಿಸುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ.

ಅಲ್ಲಿ ನಮ್ಮನ್ನು ಒಟ್ಟಿಗೆ ಬಿಡಲಿಲ್ಲ. ಒಬ್ಬೊಬ್ಬರೇ ಒಳಗೆ, ಉಳಿದವರು ಹೊರಗೆ. ಅದೇ ನಿಯಮವಂತೆ. ಕೊನೆಗೆ ನಾನು ಹೋಗಿ ಬಂಗಾರ ಅನ್ನುವಷ್ಟರಲ್ಲೇ ವಿಚಾರಣೆಗೆ ಕೂತಿದ್ದ ಮೇಡಂ ಪೆನ್ನು ಕೆಳಗಿಟ್ಟರು. ಈ ಹಾಡನ್ನು ಆಗಲೇ ಎರಡು ಸಲ ಕೇಳಿದ್ದರು.

"ಅವ್ವಾ, ನುವ್ವು ಚೂಸಿಂದೇ ಚೆಪ್ಪು," ಅಂದರು ತೆಲುಗಿನಲ್ಲಿ, ನೀನು ನೋಡಿದ್ದನ್ನೇ ಹೇಳು ಅಂತ. ಯಾರೋ ಹೇಳಿದ್ದು ಬೇಡ, ಕಲಿತು ಬಂದದ್ದೂ ಬೇಡ, ನಿನ್ನ ಕಣ್ಣು ಕಂಡದ್ದು ಸಾಕು. ಅವಳು ಮೊಟ್ಟೆ ಮನೆಗೆ ಒಯ್ಯುತ್ತಿದ್ದಳಾ ಎಂದು ಕೇಳಿದರು.

"ಹೂಂ ಕಣಮ್ಮ, ತಗೊಂಡು ಹೋಯ್ತಿದ್ದಳು. ನಾನೇ ನೋಡಿವ್ನಿ."

ಮೂಲೆಯಲ್ಲಿ ಕೂತಿದ್ದ ರತ್ನಮ್ಮನ ಮುಖ ಬೂದಿಯಾಯಿತು, ಓಬಳೇಶನದು ಅರಳಿತು. ಅಂಗನವಾಡಿಯಲ್ಲಿ ಗ್ಯಾಸ್ ಮುಗಿದದ್ದಕ್ಕೆ ಮನೆಯ ಒಲೆಯಲ್ಲಿ ಬೇಯಿಸುತ್ತೇನೆಂದು ಅವಳು ನನಗೆ ಹೇಳಿದ್ದಳು. ಆದರೆ ಅದು ಕಿವಿಯಲ್ಲಿ ಕೇಳಿದ್ದಾಯಿತಲ್ಲ, ಕಣ್ಣು ಕಂಡದ್ದಲ್ಲ. ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅದೇ ಮೊದಲು.

ಆಮೇಲೆ ಏನು ಕಂಡೆ ಎಂದರು ಮೇಡಂ.

"ಪಾತ್ರೆ ಮುಚ್ಕೊಂಡು ವಾಪಸ್ ಬತ್ತಿದ್ದಳು. ಒಸಿ ಹೊತ್ತಿಗೆ ಮಕ್ಕಳೆಲ್ಲಾ ನನ್ನ ಜಗಲಿಗೆ ಬಂದು, ನೀರು ಕೊಡಜ್ಜಿ ಅನ್ನೋವು. ಹಳದಿ ಬಾಯಿಗೆ ಮೆತ್ಕೊಂಡು ನುಂಗಕ್ಕಾಗ್ದು. ಮೊಟ್ಟೆ ಕೊಟ್ಟ ದಿನ ನನ್ನ ಬಿಂದಿಗೆ ಖಾಲಿ ಕಣಮ್ಮ."

ಮೇಡಂ ನಗು ತಡೆದುಕೊಂಡು ಬರೆದುಕೊಂಡರು. ರತ್ನಮ್ಮನ ಮನೆಯವರು ತಿಂದದ್ದನ್ನು ನೀನು ನೋಡಿದೆಯಾ ಎಂದು ಓಬಳೇಶನನ್ನು ಕೇಳಿದರು. ಊರೆಲ್ಲಾ ಹೇಳುತ್ತದೆ ಅಂದ. ಹಾಗಾದರೆ ಊರನ್ನೇ ಕರೆತಾ, ಒಬ್ಬೊಬ್ಬರನ್ನಾಗಿ, ಅಂದರು. ಅವನು ಕರೆತರಲಿಲ್ಲ. ರತ್ನಮ್ಮನ ಕೆಲಸ ಉಳಿಯಿತು.

ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಅವಳು ನನ್ನ ತೊಡೆ ಚಿವುಟಿದಳು. "ನೀರಿನ ಮಾತು ಮೊದಲೇ ಹೇಳಕ್ಕೇನಾಗಿತ್ತಕ್ಕಾ? ನನ್ನ ಜೀವಾನೇ ಹೋಗಿತ್ತು."

"ಕೇಳಿದ್ದಕ್ಕೆ ತಾನೇ ಹೇಳ್ಬೇಕು," ಅಂದೆ.

ಅಂದಿನಿಂದ ನನ್ನ ಹರಟೆಗೆ ರುಚಿಯಿಲ್ಲ. ಈಗಷ್ಟೇ ಇಲ್ಲಿ ಮಗಳ ಪಕ್ಕದ ಮನೆಯ ಸಾಕಮ್ಮ ಬಂದು ಕೂತು, ಮೂಲೆಮನೆಯ ಸೊಸೆ ಗಂಡನ ಮೇಲೆ ಮುನಿಸಿಕೊಂಡು ಬೇರೆ ಒಲೆ ಹೂಡಿದ್ದಾಳೆಂದು ಶುರುಮಾಡಿದಳು. ನೀನು ನೋಡಿದೆಯಾ ಅಂದೆ. ಇಲ್ಲ ಅಂದಳು. ಇಬ್ಬರೂ ಸುಮ್ಮನೆ ಬೀಜ ಬಿಡಿಸಿದೆವು. ಎಷ್ಟು ಹೊತ್ತು ಅಂತ ಸುಮ್ಮನಿರುವುದು? ಸೆರಗಿಗೆ ಕೈ ಒರೆಸಿಕೊಂಡು ಎದ್ದೆ.

"ನಡಿಯೇ ಸಾಕಿ, ಮೊಸರು ಕೇಳೋ ನೆಪದಲ್ಲಿ ನೋಡ್ಕೊಂಡೇ ಬರಾನ. ನೀನು ಹೊರಗೆ ನಿಂತ್ಕಾ. ಒಬ್ಬೊಬ್ಬರೇ ಹೋಗ್ಬೇಕು."