ಶಾಸಕರ ಮುಷ್ಟಿ ಅಳೆದ ಬೆಳಗ್ಗೆ

"ಬಾಗಿಲು ಹಾಕಪ್ಪ" ಎಂದರು ಶಾಸಕರು.

ಪಿಎ ಹಾಕಿದ. ಹೊರಗೆ ಲಗ್ನಪತ್ರಿಕೆ ಹಿಡಿದವರು, ವರ್ಗಾವಣೆಗೆ ಬಂದವರು, ಸುಮ್ಮನೆ ಮುಖ ತೋರಿಸಲು ಬಂದವರು ಎಲ್ಲ ಅಲ್ಲೇ ಉಳಿದರು. ಶಾಸಕರು ಕುರ್ಚಿಯನ್ನು ನಮ್ಮ ಕಡೆ ಎಳೆದುಕೊಂಡು ದನಿ ತಗ್ಗಿಸಿದರು. "ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?"

ನನ್ನ ತಂಗಿಯ ಮಗಳು ಸ್ಫೂರ್ತಿ ನನ್ನನ್ನು ತಿಂದುಬಿಡುವಂತೆ ನೋಡಿದಳು. ತಪ್ಪು ಅವಳದಲ್ಲ, ನನ್ನದು.

ಮೊದಲಿಂದ ಹೇಳುತ್ತೇನೆ. ಸ್ಫೂರ್ತಿ ಡಾಕ್ಟರ್. ಸೂಜಿ ಚುಚ್ಚುವ ಡಾಕ್ಟರಲ್ಲ, ಸಂಶೋಧನೆಯವಳು. ಮನುಷ್ಯನಿಗೆ ವಯಸ್ಸಾಗುವುದು ಹೇಗೆ, ಒಬ್ಬರು ಎಂಬತ್ತರಲ್ಲೂ ನೆಟ್ಟಗೆ ನಡೆಯುವಾಗ ಇನ್ನೊಬ್ಬರು ಅರವತ್ತಕ್ಕೇ ಯಾಕೆ ಎಡವುತ್ತಾರೆ ಎಂಬುದು ಅವಳ ವಿಷಯ. ಭದ್ರಾವತಿಯ ಕಾಗದನಗರದಲ್ಲಿರುವ ನಿವೃತ್ತ ಕಾರ್ಮಿಕರ ನಡಿಗೆ, ಮುಷ್ಟಿಯ ಬಲ, ನೆನಪು ಎಲ್ಲವನ್ನೂ ಅವಳ ತಂಡ ವರ್ಷಕ್ಕೊಮ್ಮೆ ಅಳೆಯುತ್ತದೆ. ಯೋಜನೆಯ ಅವಧಿ ಈ ಮಾರ್ಚ್‌ಗೆ ಮುಗಿಯುವುದಿತ್ತು. ನಡುವೆ ಒಂದು ವರ್ಷ ತಪ್ಪಿದರೂ ಹಿಂದಿನ ಅಳತೆಯೆಲ್ಲ ಗುಜರಿ. ಅದಕ್ಕೇ ಶಾಸಕರನ್ನು ಕಂಡು, ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ ಎನ್ನಬೇಕಿತ್ತು.

"ಮಾವ, ನೀವು ಮಾತಾಡೋದ್ರಲ್ಲಿ ಗಟ್ಟಿ. ಜೊತೆಗೆ ಬನ್ನಿ" ಅಂದಳು.

ಗಟ್ಟಿ ಹೌದು. ಭದ್ರಾವತಿಯ ನ್ಯೂ ಟೌನ್‌ನ ಫುಟ್‌ಪಾತಿನಲ್ಲಿ ಎರಡು ಮುರುಕು ಕುರ್ಚಿ ಇಟ್ಟುಕೊಂಡು ಶುರು ಮಾಡಿದವನು, ಇವತ್ತು ಶಿವಮೊಗ್ಗದಲ್ಲಿ ಹಳೇ ಫರ್ನಿಚರಿನ ಶೋರೂಮ್ ಇಟ್ಟಿದ್ದೇನೆ. ನನ್ನ ಅಂಗಡಿಯ ಮೊದಲ ನಿಯಮ: 'ಹಳೇದು' ಎಂಬ ಪದ ಬಾಯಿಂದ ಬರಕೂಡದು. 'ಗಟ್ಟಿ ಮರ' ಅನ್ನಬೇಕು. 'ಈಗ ಇಂಥದ್ದು ಎಲ್ಲಿ ಸಿಗುತ್ತೆ' ಅನ್ನಬೇಕು. (ನೀವೂ ಮನೆಯ ಮಂಚ ಮಾರುವಾಗ ನೆನಪಿಡಿ.)

ಹಾಗಾಗಿ ಭೇಟಿಯ ಸಮಯ ಕೇಳಲು ಫೋನ್ ಮಾಡಿದಾಗ 'ವೃದ್ಧಾಪ್ಯದ ಸಂಶೋಧನೆ' ಅನ್ನಲೇ ಇಲ್ಲ. 'ಯೌವನ ಉಳಿಸೋ ವಿಚಾರ ಸರ್' ಅಂದೆ. ಮರುದಿನವೇ ಟೈಮ್ ಸಿಕ್ಕಿತು! ನಾನು ಮೀಸೆ ತಿರುವಿಕೊಂಡೆ. ಮಾಲನ್ನು ನೋಡದೆ ಗಿರಾಕಿ ಓಡಿ ಬಂದರೆ ಅವನು ಬೇರೇನನ್ನೋ ಕೊಳ್ಳಲು ಬರುತ್ತಿದ್ದಾನೆ ಎಂದು ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಹೊಳೆಯಬಾರದೇ?

"ಮಾತ್ರೆ ಇಲ್ಲ ಸರ್" ಎಂದಳು ಸ್ಫೂರ್ತಿ.

"ಮತ್ತೆ ಇವ್ರು ಫೋನಲ್ಲಿ ಯೌವನ ಅಂದ್ರಲ್ಲ?"

ನಾನು ಸೀಲಿಂಗ್ ಫ್ಯಾನ್ ನೋಡತೊಡಗಿದೆ. (ಒಳ್ಳೇ ಫ್ಯಾನು. ಈಗ ಇಂಥದ್ದು ಎಲ್ಲಿ ಸಿಗುತ್ತೆ.)

ಸ್ಫೂರ್ತಿಯ ಜೊತೆ ಬಂದಿದ್ದ ಪ್ರೊಫೆಸರ್ ಲ್ಯಾಪ್‌ಟಾಪ್ ತೆರೆದು, ಗ್ರಾಫ್ ತೋರಿಸಿ, ಪೂರ್ತಿ ಉತ್ತರ ಸಿಗಲು ಇನ್ನೂ ಹತ್ತು ವರ್ಷ ಬೇಕು ಎಂದುಬಿಟ್ಟರು.

"ಹತ್ತು ವರ್ಷ! ಅಂದ್ರೆ ಎರಡು ಎಲೆಕ್ಷನ್ ಮಾರಾಯ್ರೇ!" ಶಾಸಕರು ಹೌಹಾರಿದರು. "ಪೆನ್ಷನ್ ನಿಂತಿದ್ಯಾ? ಹೇಳಿ, ಈಗ್ಲೇ ಫೋನ್ ಮಾಡ್ತೀನಿ. ವೃದ್ಧಾಶ್ರಮ ಬೇಕಾ? ನಾಳೆನೇ ಗುದ್ದಲಿ ಪೂಜೆ. ಇದಕ್ಕೆ ನಾನು ಟೇಪ್ ಎಲ್ಲಿ ಕಟ್ ಮಾಡ್ಲಿ?"

ಅವರದೇನೂ ತಪ್ಪಿಲ್ಲ. ಐದು ವರ್ಷಕ್ಕೊಮ್ಮೆ ನಾವು ಅವರಲ್ಲಿ ಕೇಳುವುದು ಕಣ್ಣಿಗೆ ಕಾಣುವುದನ್ನೇ ಅಲ್ಲವೇ? ರಸ್ತೆ, ಭವನ, ಬಸ್‌ಸ್ಟಾಪು.

ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. ಬಜಾರಿನಲ್ಲಿ ರೇಟು ಕುದುರದಿದ್ದರೆ ಎದ್ದು ಹೊರಡುವುದು. ಹಿಂದಿನಿಂದ ಕರೆದೇ ಕರೆಯುತ್ತಾರೆ. "ಬಿಡಿ ಸರ್, ಪಕ್ಕದ ಕ್ಷೇತ್ರದವ್ರನ್ನ ನೋಡ್ತೀವಿ" ಎಂದು ಎದ್ದೆ.

"ಹೋಗ್ಬನ್ನಿ, ಹೋಗ್ಬನ್ನಿ. ಅವ್ರಿಗೆ ನನಗಿಂತ ವಯಸ್ಸಾಗಿದೆ" ಎಂದರು.

ಕರೆಯಲಿಲ್ಲ. ಮತ್ತೆ ಕೂತೆ.

ಆಗ ಸ್ಫೂರ್ತಿ ಬ್ಯಾಗಿನಿಂದ ಮುಷ್ಟಿಯ ಬಲ ಅಳೆಯುವ ಪುಟ್ಟ ಯಂತ್ರ ತೆಗೆದಳು. "ಸರ್, ಇದನ್ನೊಮ್ಮೆ ಹಿಸುಕಿ."

ಶಾಸಕರು ತೋಳು ಮಡಚಿದರು. ಹಿಸುಕಿದರು. ಮುಖ ಕೆಂಪಾಯಿತು. ಪಿಎ ಚಪ್ಪಾಳೆಗೆ ಕೈ ಎತ್ತಿದ್ದ.

"ನಿಮ್ಮ ವಯಸ್ಸಿಗೆ ಸ್ವಲ್ಪ ಕಡಿಮೆ ಸರ್" ಎಂದಳು.

ಪಿಎಯ ಕೈ ಅರ್ಧಕ್ಕೇ ನಿಂತಿತು. ಗಿರಾಕಿಗೆ ಹೀಗೆ ಹೇಳಿದವರನ್ನು ನಾನಾದರೆ ಅವತ್ತೇ ಅಂಗಡಿಯಿಂದ ಮನೆಗೆ ಕಳಿಸುತ್ತಿದ್ದೆ.

"ಕಡಿಮೆ ಅಂದ್ರೆ? ಇಳೀತಾ ಇದ್ಯಾ?"

"ಗೊತ್ತಿಲ್ಲ ಸರ್. ನಿಮ್ಮ ಹಿಂದಿನ ಅಳತೆ ಇಲ್ವಲ್ಲ. ಕಾಗದನಗರದ ಹಿರಿಯರದ್ದಾದ್ರೆ ಹೇಳ್ತಿದ್ದೆ. ಮಾರ್ಚ್ ಆದ್ಮೇಲೆ ಅವರದ್ದೂ ಹೇಳೋಕಾಗಲ್ಲ."

ಶಾಸಕರು ಯಂತ್ರವನ್ನು ಎಡಗೈಗೆ ಬದಲಿಸಿ ಮತ್ತೊಮ್ಮೆ ಹಿಸುಕಿದರು. ಅಂಕಿ ನೋಡಿ ಕೆಳಗಿಟ್ಟರು.

"ಒಂದ್ ವಿಷಯ ಹೇಳ್ತೀನಿ, ಹೊರಗೆ ಹೋಗಬಾರದು" ಎಂದರು ಕೊನೆಗೆ. "ಮೆಟ್ಟಿಲು ಹತ್ತೋವಾಗ ಮಂಡಿ ಹಿಡ್ಕೊಳ್ಳುತ್ತೆ. ಹುಡುಗರ ಮುಂದೆ ರೇಲಿಂಗ್ ಹಿಡಿಯೋಕಾಗುತ್ತಾ? ಅದಕ್ಕೆ ಫೋನ್ ಬಂದಂಗೆ ಮಾಡಿ ಅರ್ಧದಲ್ಲಿ ನಿಂತ್ಕೋತೀನಿ. ಇದಕ್ಕೆ ಉತ್ತರ ಸಿಗೋಕೆ ಹತ್ತು ವರ್ಷನಾ ತಾಯಿ?"

"ಯಾರೂ ಪ್ರಶ್ನೆ ಕೇಳದಿದ್ರೆ ಇಪ್ಪತ್ತು ಸರ್."

ಶಾಸಕರು ನಕ್ಕರು. ಪಿಎ ಕಡೆ ತಿರುಗಿ "ಬರ್ಕೊಳ್ಳೋ" ಎಂದರು.

ಕಾರಿಗೆ ಹತ್ತಿದ ಮೇಲೆ ಸ್ಫೂರ್ತಿ ಯಂತ್ರವನ್ನು ನನ್ನ ಮುಂದೆ ಹಿಡಿದಳು. "ಮಾವ, ಈಗ ನಿಮ್ಮ ಸರದಿ." ನನಗೆ ಅಂಗಡಿಯಲ್ಲಿ ಅರ್ಜೆಂಟ್ ಕೆಲಸವಿದ್ದದ್ದು ತಕ್ಷಣ ನೆನಪಾಯಿತು.

ಒಂದು ಸಲಹೆ ಕೊಡದೆ ಅಂಕಣ ಮುಗಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಮಾಲು ಒಳ್ಳೆಯದಿದ್ದರೆ ಅದರ ಐಬು ಮೊದಲೇ ಹೇಳಿಬಿಡಿ. ಈ ವಯಸ್ಸಿನಲ್ಲಿ ನಾನು ಕಲಿತ ವ್ಯಾಪಾರ ಇದು, ಕಲಿಸಿದ್ದು ಜೀವನದಲ್ಲಿ ಒಂದು ಸ್ಟೂಲನ್ನೂ ಮಾರದ ಹುಡುಗಿ.

ಕಳೆದ ವಾರ ಸದನದಲ್ಲಿ ಶಾಸಕರು ಎದ್ದು ಪ್ರಶ್ನೆ ಕೇಳಿಯೇಬಿಟ್ಟರು. ಮೊಬೈಲಿನಲ್ಲಿ ನೋಡಿದೆ. 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು (ಅದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು). ಆದರೂ ಕಾಗದನಗರದ ಅಳತೆ ಇನ್ನೊಂದು ವರ್ಷ ನಡೆಯಲಿ ಎಂದು ಆದೇಶ ಬಂದಿದೆ. ಅಷ್ಟು ಸಾಕು, ಸರಪಳಿ ತುಂಡಾಗಲಿಲ್ಲ.

ಪ್ರಶ್ನೆ ಕೇಳುವಾಗ ಹಿಂದಿನ ಬೆಂಚಿನ ಕೆಲವರು "ಮುದುಕರಾಗೋದಕ್ಕೂ ರಿಸರ್ಚಾ?" ಎಂದು ನಕ್ಕರು. ನಗಲಿ. ಆದರೆ ಸ್ವಾಮಿ, ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಮಗೂ ಫೋನ್ ಬರುತ್ತಾ?