ನಳಿಗೆಯ ತುದಿಯ ಹಳದಿ

ಭಾನುವಾರ ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷ. ಘಾಜಿಯಾಬಾದಿನ ಆ ಶೂಟಿಂಗ್ ರೇಂಜಿನ ಗೋಡೆ ಗಡಿಯಾರವನ್ನು ಆಗಷ್ಟೇ ನೋಡಿದ್ದೆ. ದೆಹಲಿಯ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸ್ ತಲುಪುವಷ್ಟರಲ್ಲಿ ಕತ್ತಲಾಗುತ್ತದೆ ಎಂದುಕೊಳ್ಳುತ್ತಿರುವಾಗ ಕೋಚ್ "ಸ್ಟಾಪ್" ಎಂದರು. ಗುರಿಯ ಕಾಗದ ಬದಲಿಸುವ ಹೊತ್ತು. ಆಗ ಎಲ್ಲರೂ ಏರ್ ರೈಫಲನ್ನು ಮೇಜಿನ ಮೇಲೆ ಮಲಗಿಸಿ, ಒಳಗೆ ಪೆಲೆಟ್ ಗುಂಡು ಇಲ್ಲವೆಂದು ತೋರಿಸಲು ನಳಿಗೆಯ ಉದ್ದಕ್ಕೂ ಫ್ಲ್ಯಾಗ್ ಎಂಬ ಹಳದಿ ನೈಲಾನ್ ದಾರ ತೂರಿಸಬೇಕು. ಅದರ ತುದಿ ನಳಿಗೆಯ ಬಾಯಿಂದ ಇಣುಕಿದರೆ ರೈಫಲ್ ಖಾಲಿ ಎಂದರ್ಥ. ಮುಂದೆ ಹೋದವರು ವಾಪಸ್ ಬರುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ.

ಕೋಚ್ ಸಾಲಿನ ಹಿಂದೆ ನಡೆಯುತ್ತ ಒಮ್ಮೆ ಕಣ್ಣಾಡಿಸಿ "ಕ್ಲಿಯರ್" ಎಂದರು. ನನ್ನ ಮಗಳ ಪಕ್ಕದ ಲೇನಿನ ಹುಡುಗಿ ಕಾಗದ ಹಿಡಿದು ಮುಂದೆ ಹೋದಳು. ಫಟ್ ಎಂದಿತು. ಅವಳ ಕಿವಿಯಿಂದ ಗೇಣಾಚೆ ಮರದ ಚೌಕಟ್ಟು ಸಿಡಿದು ಚಕ್ಕೆಯೊಂದು ಕೆನ್ನೆಗೆ ತಾಗಿತು. ಅವಳು ಕಿರುಚಲಿಲ್ಲ. ಯಾರೋ ಹೆಸರು ಹಿಡಿದು ಕರೆದರೇನೋ ಎಂಬಂತೆ ತಿರುಗಿ ನೋಡಿದಳು. ಕೆನ್ನೆ ಮುಟ್ಟಿಕೊಂಡ ಬೆರಳಲ್ಲಿ ರಕ್ತವಿತ್ತು.

"ಕಿಸ್‌ಕೀ ರೈಫಲ್?" ಕೋಚ್ ಕೂಗಿದರು.

ನನ್ನ ಮಗಳದು. "ಸರ್, ನಾನು ಮುಟ್ಟೇ ಇಲ್ಲ. ಕಸಮ್ ಸೇ," ಎಂದು ಆಣೆ ಹಾಕಿದಳು.

ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಸೆಕೆಂಡ್ ಹ್ಯಾಂಡ್ ರೈಫಲ್ ಅಲ್ಲವೇ ಮೇಡಂ, ಟ್ರಿಗರ್ ಕೆಟ್ಟಿರಬೇಕು, ರಿಪೇರಿಯವನಿಗೆ ತೋರಿಸಿ; ಕಾರಣ ಗೊತ್ತಾಗುವ ತನಕ ಇವಳು ಲೈನಿಗೆ ಬರುವ ಹಾಗಿಲ್ಲ ಎಂದರು. ರಾಜ್ಯ ತಂಡದ ಆಯ್ಕೆಗೆ ಮೂರು ವಾರವಿತ್ತು. ಇವಳು ನಾಲ್ಕು ವರ್ಷ ಬೆವರು ಸುರಿಸಿದ್ದು ಅದಕ್ಕಾಗಿ.

ಕ್ಯಾಬಿನಲ್ಲಿ ಕೇಳಿದೆ, "ನಿಜ ಹೇಳು ಪುಟ್ಟಿ."

"ಬೋಲಾ ನಾ ಅಮ್ಮಾ, ಟಚ್ ಮಾಡಿಲ್ಲ ಅಂತ. ಆಫೀಸಲ್ಲಿ ಎಲ್ಲರ ಮೇಲೂ ಶಕ್ ಮಾಡಿ ಮಾಡಿ ನಿಂಗೆ ಅಭ್ಯಾಸ ಆಗ್ಬಿಟ್ಟಿದೆ."

ಅನುಮಾನದ ಮಾತು ಸುಳ್ಳಲ್ಲ. ಸಚಿವಾಲಯದ ವಿಜಿಲೆನ್ಸ್ ಶಾಖೆಯಲ್ಲಿ ನನ್ನ ಕೆಲಸ. ರಾತ್ರಿ ನಿದ್ದೆಯಿಲ್ಲ; ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಆ ಹುಡುಗಿ ತಿರುಗಿ ನೋಡುತ್ತಿದ್ದಳು. ಹಗಲೆಲ್ಲ ಹಳೆಯ ನೋಟ್‌ಶೀಟಿನ ಹಿಂಬದಿಯಲ್ಲಿ ಲೇನುಗಳ ಚಿತ್ರ ಬರೆದು ಯಾರು ಎಲ್ಲಿದ್ದರೆಂದು ಗುರುತು ಹಾಕುತ್ತಿದ್ದೆ. ಕೋಚ್ ಅಷ್ಟು ಬೇಗ ಟ್ರಿಗರಿನ ಮಾತೆತ್ತಿದ್ದೇಕೆ? ತಮ್ಮ ತಪ್ಪು ಮುಚ್ಚಲೇ? ರೈಫಲ್ ಮಾರಿದವನು ಅದರ ದೋಷ ಗೊತ್ತಿದ್ದೇ ಮಾರಿದನೇ? ಮಗಳ ಪೆಲೆಟ್ ಡಬ್ಬಿ ಮೊದಲು ರೈಫಲಿನ ಕೆಳಗೆ ಸಿಕ್ಕಿಕೊಂಡಿತ್ತು, ಆಮೇಲೆ ಅವಳ ಕೈಯಲ್ಲಿತ್ತು. ಅದು ನಿಜವಾಗಿ ಕಂಡದ್ದೋ, ನಾನೇ ಕಟ್ಟಿಕೊಂಡದ್ದೋ?

ಬುಧವಾರ ರಜೆ ಹಾಕಿ, ರಿಪೇರಿಯವನಿಗೆ ಒಯ್ಯುವ ಮುನ್ನ ರೈಫಲನ್ನು ಊಟದ ಮೇಜಿನ ಮೇಲಿಟ್ಟು ನೋಡಿದೆ. ನಳಿಗೆಯ ತುದಿಗೆ ಅರಿಶಿನದ ದಾರ ಸುತ್ತಿಕೊಂಡಿತ್ತು.

ಕಟ್ಟಿದವಳು ನಾನೇ. ಹಿಂದಿನ ವಾರ ಆಯುಧ ಪೂಜೆಯ ದಿನ ಮಿಕ್ಸಿ, ಲ್ಯಾಪ್‌ಟಾಪ್, ಯಜಮಾನರ ಸ್ಕೂಟರಿನ ಜೊತೆಗೆ ಇದಕ್ಕೂ ಕುಂಕುಮ ಇಟ್ಟು, ಚೆಂಡು ಹೂವು ಸೇರಿಸಿ ದಾರ ಕಟ್ಟಿದ್ದೆ. ಮರುದಿನ ಹೂವು ಬಿತ್ತು. ದಾರ ತಾನಾಗಿ ಕಳಚುವ ತನಕ ಕತ್ತರಿಸಬಾರದೆಂಬುದು ನಮ್ಮಮ್ಮ ಕಲಿಸಿದ ಪದ್ಧತಿ. "ಗವಾರ್ ಲಗ್ತಾ ಹೈ ಅಮ್ಮಾ", ಹಳ್ಳಿಗುಗ್ಗಿನ ಹಾಗೆ ಕಾಣುತ್ತದೆ ಎಂದು ಮಗಳು ಮುಖ ಸಿಂಡರಿಸಿದ್ದಳು. ನಾನು ಬಿಟ್ಟುಕೊಟ್ಟಿರಲಿಲ್ಲ. ಗಂಟಿನ ಆಚೆ ಅರ್ಧ ಬೆರಳಿನಷ್ಟು ದಾರ ಮುಂದಕ್ಕೆ ಚಾಚಿತ್ತು. ಅಡುಗೆಮನೆಯ ಬಾಗಿಲಿನ ತನಕ ಹಿಂದೆ ಸರಿದು ನಿಂತು ನೋಡಿದೆ. ನಳಿಗೆಯ ಬಾಯಲ್ಲಿ ಹಳದಿ ತುದಿ ಇಣುಕುತ್ತಿತ್ತು.

ಕಾಲೇಜಿನಿಂದ ಬಂದ ಮಗಳು ನಾನು ನಿಂತ ಜಾಗವನ್ನೂ ರೈಫಲನ್ನೂ ನೋಡಿದಳು. ಬ್ಯಾಗು ಇಳಿಸದೆಯೇ ನೆಲದ ಮೇಲೆ ಕುಳಿತಳು.

"ಡಬ್ಬಿ ತೆಗೆಯೋಕೆ ಸ್ವಲ್ಪ ಎತ್ತಿದೆ ಅಮ್ಮ, ಬೆರಳು ಟ್ರಿಗರಿಗೆ ತಗುಲ್ತು. ಒಳಗೆ ಪೆಲೆಟ್ ಇದ್ದದ್ದು ಮರ್ತೇ ಹೋಗಿತ್ತು. ಯೆಲ್ಲೋ ಕಾಣ್ತಿತ್ತು, ಫ್ಲ್ಯಾಗ್ ಹಾಕಿದೀನಿ ಅಂದ್ಕೊಂಡೆ."

ನನ್ನ ಕೈಯಲ್ಲಿ ಕತ್ತರಿ ಇತ್ತು. ದಾರ ಕತ್ತರಿಸಿ ಕಸಕ್ಕೆ ಹಾಕಿದರೆ ಮುಗಿಯಿತು. ಟ್ರಿಗರ್ ಕೆಟ್ಟಿತ್ತು, ಸರಿಮಾಡಿಸಿದೆವು ಎಂದರೆ ಕೋಚ್‌ಗೂ ಅದೇ ಬೇಕಿತ್ತು; ಮಗಳು ಆಯ್ಕೆಗೆ ಹೋಗುತ್ತಿದ್ದಳು. ಮಗಳೂ ಕತ್ತರಿಯನ್ನೇ ನೋಡುತ್ತಿದ್ದಳು. "ಅವಳ ಕಣ್ಣಿಗೆ ಬಿದ್ದಿದ್ರೆ ಅಮ್ಮ?" ಎಂದಳು. ನಾನು ಕತ್ತರಿಯನ್ನು ಡ್ರಾಯರಿಗೆ ಹಾಕಿದೆ.

ಶನಿವಾರ ರೇಂಜಿಗೆ ಹೋಗಿ, ಆ ಹುಡುಗಿಯನ್ನೂ ಕರೆಸಿ, ಇಬ್ಬರೂ ನಡೆದದ್ದನ್ನು ಹೇಳಿದೆವು. ಕೋಚ್ ದಾರವನ್ನು ಬೆರಳಲ್ಲಿ ಹಿಡಿದು ನೋಡಿದರು. "ನಾನೂ ತುದಿ ಮಾತ್ರ ನೋಡಿದೆ ಮೇಡಂ. ಹಿಂಭಾಗ ತೆರೆದು ನೋಡಬೇಕಿತ್ತು," ಎಂದರು. ಅಷ್ಟು ಸಲೀಸಾಗಿ ಒಪ್ಪಿದ್ದರ ಮೇಲೂ ನನಗೆ ಅನುಮಾನ ಬಂತು. ಕೆನ್ನೆಗೆ ಬ್ಯಾಂಡೇಜ್ ಪಟ್ಟಿ ಹಚ್ಚಿಕೊಂಡಿದ್ದ ಹುಡುಗಿ ನಕ್ಕಳು: "ಆಂಟಿ, ಅಗಲೀ ಬಾರ್ ಮುಝೇ ಭೀ ಏಕ್ ಬಾಂಧ್ ದೇನಾ, ಬಚ್ ಜಾವೂಂಗೀ." ಮುಂದಿನ ಸಲ ಅವಳಿಗೂ ಒಂದು ದಾರ ಕಟ್ಟಬೇಕಂತೆ, ಬಚಾವಾಗುತ್ತಾಳಂತೆ. ನನ್ನ ಮಗಳು ನಗಲಿಲ್ಲ. ಈ ವರ್ಷದ ಆಯ್ಕೆ ಅವಳ ಪಾಲಿಗೆ ಇಲ್ಲವೆಂದು ಕೋಚ್ ತೀರ್ಪು ಕೊಟ್ಟರು. ಒಂದು ತಿಂಗಳು ಪ್ರತಿ ಭಾನುವಾರ ಬಂದು, ಎಲ್ಲರ ರೈಫಲ್ ತೆರೆದು ನೋಡಿ, ಖಾಲಿ ಎಂದು ಅವಳೇ ಕೂಗಬೇಕು.

ಮೊದಲ ಭಾನುವಾರ ನಾನು ಅವಳ ಬೆರಳುಗಳನ್ನೇ ಕಾವಲು ಕಾದೆ. ಎರಡನೆಯದರಲ್ಲಿ ಕೋಚ್ ಅವಳ ಹಿಂದೆಯೇ ಬಂದು ಮತ್ತೊಮ್ಮೆ ನೋಡುತ್ತಾರೆಯೇ ಎಂದು ಕಾದೆ. ನೋಡಿದರು. ಮೂರನೆಯ ಭಾನುವಾರ ಅವಳು ಒಂದು ರೈಫಲಿನ ಮುಂದೆ ನಿಂತು, ತಲೆಯಾಡಿಸಿ, ಅದರ ಒಡೆಯನನ್ನು ಕರೆದಳು. ಹುಡುಗ ಗೊಣಗಿದ. ಒಳಗೆ ಪೆಲೆಟ್ ಇತ್ತು. ಅದನ್ನು ತೆಗೆಸಿದ ಮೇಲೆಯೇ "ಖಾಲಿ" ಎಂದಳು. ಪಕ್ಕದ ಲೇನಿನ ಹುಡುಗಿ ಮುಂದೆ ಹೋಗಿ, ನಿಧಾನವಾಗಿ ಕಾಗದ ಬದಲಿಸಿ, ಹಿಂದಿರುಗಿ ಬಂದಳು.

ಮರುದಿನ ಸೋಮವಾರ ಕಣ್ಣು ಬಿಟ್ಟಾಗ ಪರದೆಯ ತುಂಬ ಬಿಸಿಲಿತ್ತು. ಮಗಳು ಕಾಫಿ ಲೋಟ ಹಿಡಿದು ನಿಂತಿದ್ದಳು. "ಎಂಟು ಗಂಟೆ ಅಮ್ಮಾ! ತಬಿಯತ್ ಠೀಕ್ ಹೈ ನಾ? ಹುಷಾರಾಗಿದೀಯ ತಾನೆ?"

ಆಫೀಸಿನ ಬಸ್ಸು ಹೋಗಿಯಾಗಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ.