ನೂರಕ್ಕೆ ಹದಿನಾಲ್ಕು ಲೀಟರು

ನನ್ನ ಕಾಟಾ ಸುಳ್ಳು ಹೇಳುತ್ತದೆ ಅಂದವರ ಜೊತೆ ನಾನು ಎರಡನೆಯ ಮಾತು ಆಡುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ನಮ್ಮೂರಿನ ಗೋಧಿ ಕಣಜಗಳ ಎದುರಿನ ಈ ಲಾರಿ ಕಾಟಾ ನನ್ನ ಕೈಯಲ್ಲಿದೆ. ಸುಗ್ಗಿಯಲ್ಲಿ ದಿನಕ್ಕೆ ನೂರೈವತ್ತು ಲಾರಿ ಹತ್ತಿ ಇಳಿಯುತ್ತವೆ. ಎಂಥ ಬಾಯಿಬಡುಕ ರೈತನೂ ಈ ರೋಮಾಳ ತೂಕ ತಪ್ಪು ಎಂದು ಹೇಳಿ ದಕ್ಕಿಸಿಕೊಂಡದ್ದಿಲ್ಲ. ಹೇಳಿ ದಕ್ಕಿಸಿಕೊಂಡವನು ಲಿಂಡ್ಸೆ ಪ್ಯಾಸ್ಕೋ ಒಬ್ಬನೇ. ಅವನ ಜೊತೆ ಈಗಲೂ ಮಾತಾಡುತ್ತೇನೆ.

ಅವನು ಬಂದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಸುಗ್ಗಿ ಮುಗಿದು ಕಾಟಾ ಖಾಲಿ ಹೊಡೆಯುತ್ತಿತ್ತು. ಡೀಸೆಲ್ ಗಾಡಿ, ಹಿಂದೆ ಬಿಳಿ ಕ್ಯಾರವಾನು, ಮುಂದಿನ ಸೀಟಿನಲ್ಲಿ ಹೆಂಡತಿ ಗ್ಲೆನಿಸ್. ಇಂಥವರು ನಮ್ಮ ಹೆದ್ದಾರಿಯಲ್ಲಿ ದಿನಕ್ಕೆ ಐವತ್ತು ಜೋಡಿ ಸಿಗುತ್ತಾರೆ. ಕೆಲಸದಿಂದ ನಿವೃತ್ತರಾಗಿ, ಮನೆ ಮಾರಿ, ಮನೆಯಂಥದ್ದೊಂದನ್ನು ಗಾಡಿಗೆ ಕಟ್ಟಿಕೊಂಡು ದೇಶ ಸುತ್ತುವವರು. ಸಂಜೆ ಕುರ್ಚಿ ಹಾಕಿಕೊಂಡು ಬಿಯರ್ ಹಿಡಿದು ಕೂತರೆ ಗಂಡಸರಿಗೆ ಒಂದೇ ಮಾತು: ನೂರು ಕಿಲೋಮೀಟರಿಗೆ ನಿನ್ನದು ಎಷ್ಟು ಕುಡಿಯುತ್ತೆ? ಎಲ್ಲರೂ ಎರಡು ಲೀಟರು ಕಮ್ಮಿ ಹೇಳುತ್ತಾರೆ. ಲಿಂಡ್ಸೆ ಇದ್ದದ್ದನ್ನೇ ಹೇಳುತ್ತಿದ್ದ. ಮೂವತ್ತೈದು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಗಂಟೆಗೆ ಎಂಬತ್ತರ ಮೇಲೆ ಮುಳ್ಳು ಏರಲು ಬಿಡುತ್ತಿರಲಿಲ್ಲ. ನೂರಕ್ಕೆ ಹದಿನಾಲ್ಕು ಲೀಟರು, ಮೂರು ವರ್ಷ ಅಲುಗಾಡಿರಲಿಲ್ಲ. ಆ ಬೆಳಿಗ್ಗೆ ಅದು ಹದಿನೈದೂವರೆಗೆ ಬಂದಿತ್ತು.

“ಗಾಳಿ ಇರಬೇಕು ಯಜಮಾನ್ರೆ,” ಅಂದೆ. “ಪಡುವಣ ಗಾಳಿಗೆ ಎದೆ ಕೊಟ್ಟು ಹೋದ್ರೆ ಎಂಥ ಗಾಡಿನೂ ಕುಡಿಯುತ್ತೆ.”

“ಗಾಳಿ ಇಲ್ಲದ ದಿನಾನೂ ನೋಡ್ದೆ ಕಣಮ್ಮ. ಏರ್ ಫಿಲ್ಟರ್ ಬದಲಾಯಿಸ್ದೆ. ಇಂಜೆಕ್ಟರ್ ಬಿಚ್ಚಿಸ್ದೆ. ಬ್ರೇಕ್ ಹಿಡೀತಿದೆಯೇನೋ ಅಂತ ಒಂದೊಂದು ಚಕ್ರಾನೂ ಎತ್ತಿ ತಿರುಗಿಸ್ದೆ. ಏನೂ ಇಲ್ಲ. ತಿಂಗಳು ತಿಂಗಳು ಏರ್ತಾನೇ ಇದೆ.”

“ಏರ್ಲಿ ಬಿಡಿ. ಒಂದೂವರೆ ಲೀಟರಿಗೆ ಯಾರ ಗಂಟು ಹೋಯ್ತು?”

ಅವನು ಗಾಡಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದ. “ಇಂಜಿನ್ ಹೋಗೋ ಲಕ್ಷಣ ಇದು. ನಾವು ಹೊರಟಿರೋದು ಪಶ್ಚಿಮಕ್ಕೆ, ಆ ಮರ ಇಲ್ಲದ ಬಯಲು ದಾಟ್ಕೊಂಡು. ಮಧ್ಯದಲ್ಲಿ ಕೈ ಕೊಟ್ರೆ ಹೊಸ ಇಂಜಿನ್ ಹಾಕ್ಸೋ ಶಕ್ತಿ ನನಗಿಲ್ಲ. ಮನೆ ಮಾರಿಬಿಟ್ಟಿದೀವಿ. ಗಾಡಿ ನಿಂತ್ರೆ ನಮ್ಮಿಬ್ರ ಬದುಕು ಅಲ್ಲಿಗೆ ನಿಂತ್ಹಾಗೆ.”

ಭಾರ ಕಮ್ಮಿ ಮಾಡಲೆಂದು ಅವನು ತನ್ನದನ್ನೆಲ್ಲ ಆಗಲೇ ಕಳೆದುಕೊಂಡಿದ್ದ. ದೋಣಿ ಮಾರಿದ್ದ. ಸ್ಪ್ಯಾನರಿನ ಪೆಟ್ಟಿಗೆ, ಮೀನಿನ ಗಾಳ, ಅಪ್ಪನ ಕಾಲದ ಸುತ್ತಿಗೆಗಳು, ಒಂದೊಂದು ಊರಿನಲ್ಲಿ ಒಂದೊಂದನ್ನು ಯಾರಿಗೋ ಕೊಟ್ಟು ಬಂದಿದ್ದ. ಈಗ ಉಳಿದದ್ದು ಎರಡು ಜೊತೆ ಶೂ ಎಂದು ಹೇಳುವಾಗ ಅವನಿಗೆ ಬೇಸರವೂ ಇದ್ದಂತೆ ಕಾಣಲಿಲ್ಲ.

ಭಾರ ಎಷ್ಟು ಉಳಿದಿದೆ ನೋಡು ಎಂದು ಅವನು ಕೇಳಿದಂತೆ, ಕ್ಯಾರವಾನಿನ ಚಕ್ರಗಳನ್ನು ಮಾತ್ರ ಕಾಟಾ ಮೇಲೆ ನಿಲ್ಲಿಸಿ ತೂಗಿದೆ. ಎರಡು ಸಾವಿರದ ಎಂಟುನೂರ ಹತ್ತು ಕಿಲೋ. ಅದರ ತಗಡಿನ ಮೇಲೆ ಬರೆದಿದ್ದ ಮಿತಿ ಎರಡೂವರೆ ಸಾವಿರ.

“ನಿನ್ನ ಕಾಟಾ ಕೆಟ್ಟಿದೆ,” ಅಂದ.

ನನಗೆ ಪಿತ್ತ ನೆತ್ತಿಗೇರಿತು. “ಕೆಟ್ಟಿರೋದು ನಿಮ್ಮ ಕಣ್ಣು. ಇಳಿಸಿ, ಮತ್ತೆ ಹತ್ತಿಸಿ.”

ಇಳಿಸಿದ, ಹತ್ತಿಸಿದ. ಅದೇ ಎಂಟುನೂರ ಹತ್ತು.

“ಒಳಗೆ ಏನು ತುಂಬಿದೀರಿ?” ಅಂತ ಕೇಳಿದೆ.

“ಒಳಗಿನದು ನನ್ನದಲ್ಲ.”

ಈ ಜನರಲ್ಲಿ ಅದೊಂದು ಕಟ್ಟಳೆ. ಟೈರು, ಗ್ಯಾಸು, ನೀರು, ಡೀಸೆಲ್, ಕೊಂಡಿ ಎಲ್ಲ ಗಂಡನದು. ಬಾಗಿಲಿನಿಂದ ಒಳಗಿನದು ಹೆಂಡತಿಯದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಿದರೆ ಆ ಡಬ್ಬಿಯಂಥ ಮನೆಯಲ್ಲಿ ಸಂಸಾರ ಆಗುವುದಿಲ್ಲ. ಲಿಂಡ್ಸೆ ನಾಲ್ಕು ವರ್ಷ ಅದರೊಳಗೆ ಉಂಡು ಮಲಗಿದವನು, ಒಂದು ಕಪಾಟು ತೆಗೆದು ನೋಡಿರಲಿಲ್ಲ. ಅಡುಗೆಯ ವಿಷಯದಲ್ಲಿ ಗ್ಲೆನಿಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುರಿ ಉಣ್ಣೆ ಕತ್ತರಿಸುವವರ ಷೆಡ್ಡುಗಳಲ್ಲಿ ಮೂವತ್ತು ಜನಕ್ಕೆ ಬೇಯಿಸಿ ಹಾಕಿದ ಹೆಂಗಸು.

“ಗ್ಲೆನ್, ಹಾಸಿಗೆ ಎತ್ತಿ ನೋಡ್ಲಾ?” ಎಂದು ಅವನು ಕಿಟಕಿಯ ಹತ್ತಿರ ಹೋಗಿ ಕೇಳಿದ.

“ಯಾಕೆ? ನಾನೇನು ನಿನ್ನ ಬಾನೆಟ್ ಎತ್ತಿ ನೋಡ್ತೀನಾ?” ಅಂದಳು. ನಗುತ್ತಲೇ ಅಂದಳು. ಆಮೇಲೆ ಕೈಯಲ್ಲಿದ್ದ ಹೆಣಿಗೆಯನ್ನು ಮಡಿಲಲ್ಲಿಟ್ಟು, “ನೋಡ್ಕೋ,” ಅಂದಳು.

ಅವನು ಹಾಸಿಗೆಯ ಹಲಗೆ ಎತ್ತಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಳಗೆ ಬೀಟ್‌ರೂಟ್ ಡಬ್ಬಿ. ಬರೀ ಬೀಟ್‌ರೂಟ್ ಡಬ್ಬಿ, ಅಂಗಡಿಯ ಚೀಲದಿಂದ ತೆಗೆಯದೆ ಹಾಗೆಯೇ ಒತ್ತೊತ್ತಾಗಿ ಜೋಡಿಸಿದ್ದು. ಹಿಂದಿನ ಪೆಟ್ಟಿಗೆಯಲ್ಲಿ ಹಿಟ್ಟು, ಸಕ್ಕರೆ, ಚಹಾ. ಡಬ್ಬಿಯ ಪ್ರತಿ ಚೀಲದಲ್ಲೂ ಅದೇ ಆರು, ಹಿಟ್ಟಿನ ಪ್ರತಿ ಚೀಲದಲ್ಲೂ ಅದೇ ಒಂದು ಪೊಟ್ಟಣ ಹಿಟ್ಟು, ಅದೇ ಎರಡು ಪ್ಯಾಕೆಟ್ ಸಕ್ಕರೆ.

“ಷೆಡ್ಡಿನ ಅಭ್ಯಾಸ,” ಅಂದ ಲಿಂಡ್ಸೆ. ನನಗೆ ಹೇಳಿದನೋ ತನಗೆ ಹೇಳಿಕೊಂಡನೋ ತಿಳಿಯಲಿಲ್ಲ. “ಜಾಸ್ತಿ ತಗೊಂಡೇ ಅಭ್ಯಾಸ ಅವಳಿಗೆ.”

ಚೀಲದಲ್ಲಿ ಅಂಗಡಿಯ ಚೀಟಿಗಳಿದ್ದವು. ಎರಡು ಚೀಟಿ ತೆಗೆದು ಪಕ್ಕಪಕ್ಕ ಹಿಡಿದ. ಊರು ಪೋರ್ಟ್ ಅಗಸ್ಟಾ, ಅಂಗಡಿ ಒಂದೇ, ತಾರೀಖು ಒಂದೇ. ಒಂದು ಬೆಳಿಗ್ಗೆ ಒಂಬತ್ತೂಕಾಲಿನದು, ಇನ್ನೊಂದು ಹತ್ತು ಗಂಟೆಯದು. ಅವನು ಓದಿದ, ನನ್ನ ಕೈಗೆ ಕೊಟ್ಟ. ನಾನೂ ಓದಿದೆ. ಮುಕ್ಕಾಲು ಗಂಟೆಯ ಅಂತರದಲ್ಲಿ ಅದೇ ಸಾಮಾನು, ಎರಡು ಸಲ.

ಗ್ಲೆನಿಸ್ ಯಾವಾಗಲೋ ಇಳಿದು ಬಂದು ನನ್ನ ಹಿಂದೆ ನಿಂತಿದ್ದಳು.

“ಎಷ್ಟು ದಿನದಿಂದ ಜಾಸ್ತಿ ಕುಡೀತಿದೆ ಗಾಡಿ?” ಎಂದು ಗಂಡನನ್ನು ಕೇಳಿದಳು.

“ಸೆಪ್ಟೆಂಬರಿಂದ.”

“ನನಗೆ ಅದಕ್ಕೂ ಮೊದಲಿಂದ ಗೊತ್ತಿತ್ತು. ಹಲಗೆ ಎತ್ತಿದಾಗ ಕಾಣ್ತಿತ್ತಲ್ಲ. ಇನ್ಮೇಲೆ ತರಬಾರ್ದು ಅಂದ್ಕೋತಿದ್ದೆ. ಅಂಗಡಿ ಹೊಕ್ಕರೆ ಮರ್ತೇ ಹೋಗ್ತಿತ್ತು, ಲಿಂಡ್ಸೆ.”

“ನನಗೆ ಹೇಳಬಾರ್ದಿತ್ತಾ?”

“ಹೇಳಿದ್ರೆ ದಾರಿ ಮುಗೀತಿತ್ತು. ನೀನು ಬಾನೆಟ್ ಎತ್ತಿದಾಗಲೆಲ್ಲ, ದೇವ್ರೇ, ಇಂಜಿನ್ನೇ ಕೆಟ್ಟಿರ್ಲಿ ಅಂತ ಬೇಡ್ಕೋತಿದ್ದೆ.”

ಅವನು ಅಳಲಿಲ್ಲ. ಅವಳೂ ಅಳಲಿಲ್ಲ. ಒಂದೊಂದೇ ಚೀಲ ಇಳಿಸತೊಡಗಿದ. ನಾನು ಊರಿನ ಬಡವರಿಗೆ ದಿನಸಿ ಹಂಚುವ ಉಗ್ರಾಣಕ್ಕೆ ಫೋನ್ ಮಾಡಿ ವ್ಯಾನು ತರಿಸಿದೆ. ಎಲ್ಲ ಇಳಿದ ಮೇಲೆ ಇನ್ನೊಂದು ಸಲ ತೂಗು ಅಂದ. ತೂಗಿದೆ. ಮಿತಿಯ ಒಳಗೇ ಇತ್ತು. ತೂಕದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಗಾಡಿಗೆ ಏನೂ ಆಗಿರಲಿಲ್ಲ. ಇನ್ನೂ ಎರಡು ಲಕ್ಷ ಕಿಲೋಮೀಟರು ಓಡುವ ಇಂಜಿನ್ ಅದು.

ಅವರು ಪಶ್ಚಿಮಕ್ಕೆ ಹೋಗಲಿಲ್ಲ. ಕಣಜಗಳ ಹಿಂದಿನ ಕ್ಯಾರವಾನ್ ಪಾರ್ಕಿನಲ್ಲಿ ಒಂದು ವಾರಕ್ಕೆ ಜಾಗ ಹಿಡಿದರು. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಮೊದಮೊದಲು ಗ್ಲೆನಿಸ್ ನನಗೆ ಕೇಕ್ ಮಾಡಿ ತರುತ್ತಿದ್ದಳು. ಆಮೇಲೆ ಒಲೆ ಹಚ್ಚಲು ಅವನೇ ಬಿಡಲಿಲ್ಲ. ಅವಳ ಕಪಾಟುಗಳನ್ನು ಅವನು ನೋಡಿಕೊಳ್ಳತೊಡಗಿದ, ಅವಳ ಸ್ನಾನ, ಅವಳ ಅಂಗಿಯ ಗುಂಡಿ ಎಲ್ಲ ಅವನೇ. ಎರಡನೆಯ ಚಳಿಗಾಲದಲ್ಲಿ ಅವಳು ಒಂದು ಬೆಳಿಗ್ಗೆ ರಾತ್ರಿಯುಡುಪಿನಲ್ಲೇ ಹೆದ್ದಾರಿಯ ನಡುವೆ ನಿಂತಿದ್ದಳು. ಅದಾದ ಮೇಲೆ ಪೋರ್ಟ್ ಲಿಂಕನ್ನಿನ ಆರೈಕೆ ಮನೆಯಲ್ಲಿ ಅವಳಿಗೆ ಜಾಗ ಸಿಕ್ಕಿತು. ಇಲ್ಲಿಂದ ಇನ್ನೂರ ಹತ್ತು ಕಿಲೋಮೀಟರು.

ಮಂಗಳವಾರ, ಶುಕ್ರವಾರ ಹೋಗುತ್ತಾನೆ. ಕ್ಯಾರವಾನು ಪಾರ್ಕಿನಲ್ಲೇ ಇರುತ್ತದೆ, ಗಾಡಿ ಮಾತ್ರ. ಖಾಲಿ ಗಾಡಿಯಲ್ಲೂ ಅದೇ ಎಂಬತ್ತು. ಹಿಂದೆ ಬಂದ ಲಾರಿಯವರು ಹಾರ್ನ್ ಒತ್ತಿ ಒತ್ತಿ ಸಾಯುತ್ತಾರೆ. ಜಿಪುಣ ಮುದುಕ, ಹೆಂಡತಿಯನ್ನು ನೋಡಲು ಹೋಗುವಾಗಲೂ ಡೀಸೆಲ್ ಉಳಿಸುತ್ತಾನೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಕಳೆದ ಶುಕ್ರವಾರ ನನಗೂ ತಡೆಯಲಿಲ್ಲ.

“ಅಲ್ರೀ ಯಜಮಾನ್ರೆ, ಈಗ ಹಿಂದೆ ಏನೂ ಇಲ್ಲ. ನೂರಹತ್ತರಲ್ಲಿ ಹೋಗ್ರಿ. ಮುಕ್ಕಾಲು ಗಂಟೆ ಜಾಸ್ತಿ ಸಿಗುತ್ತೆ ಅವಳ ಜೊತೆ.”

“ನೂರಕ್ಕೆ ಒಂಬತ್ತು ಲೀಟರು ಬರ್ತಿದೆ,” ಅಂದ.

“ನಾನು ಕೇಳಿದ್ದು ಅದಲ್ಲ.”

ಅವನು ಕೀಲಿ ತಿರುಗಿಸಿದ. ಇಂಜಿನ್ ಓಡುತ್ತಿತ್ತು.

“ಅಲ್ಲಿ ಹೋದ ತಕ್ಷಣ ಅವಳು ನರ್ಸನ್ನ ಕೇಳ್ತಾಳೆ ರೋಮಾ, ಇವರು ಯಾರು ಅಂತ. ದಾರೀಲಿ ಇರೋ ಅಷ್ಟು ಹೊತ್ತು ನಾನಿನ್ನೂ ಅವಳ ಗಂಡ. ಅದನ್ನ ಬೇಗ ಮುಗಿಸ್ಲಾ?”